ಮಡಿಲಲ್ಲಿ ಫ್ಯೂಸು

"ಕುರ್ಚಿ ಸಿಕ್ತು ಅಂತ ಮೆರೀಬ್ಯಾಡ ಕಣೇ! ತುದೀಲಿ ಕುಂತ್ಕ. ಸಾಹೇಬ್ರು ಕೇಳಿದ್ರೆ 'ಕರೆಂಟು ಚೆಂದಾಗಿ ಬತ್ತೈತೆ' ಅನ್ನು. ಅದ್ರ ಮ್ಯಾಲೆ ಒಂದ್ ಮಾತಾಡಿದ್ರೂ ನಿನ್ ಗಂಡನ್ ಕೆಲ್ಸ ಹೋಯ್ತು ಅನ್ಕ."

ರೇಣುಕಪ್ರಸಾದ್ ಮುನಿಯಮ್ಮನಿಗೆ ಹಲ್ಲು ಕಡಿದು ಹೇಳಿ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತ. ಕೊಳಾಲದ ಪಕ್ಕದ ಆ ಊರಿನ ವಿದ್ಯುತ್ ಸಲಹಾ ಸಮಿತಿಯಲ್ಲಿ ರೈತರ ಪ್ರತಿನಿಧಿ ಅವನೇ, ಉದ್ದಿಮೆದಾರರ ಪ್ರತಿನಿಧಿ ಅವನ ತಮ್ಮ. ಕಾಲೋನಿಯ ಹೆಂಗಸೊಬ್ಬಳು ಇರಲೇಬೇಕೆಂದು ಮೇಲಿನಿಂದ ಆದೇಶ ಬಂದಿದ್ದರಿಂದ ಮುನಿಯಮ್ಮನ ಸೆರಗಿಗೆ ಬ್ಯಾಡ್ಜು ಚುಚ್ಚಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮುನಿಯಮ್ಮ ಮಡಿಲನ್ನು ಅವುಚಿಕೊಂಡು ತುದಿಯಲ್ಲಿ ಕೂತಳು. ಬೈಗುಳಕ್ಕೆ ಹೆದರಿ ಅಲ್ಲ, ಅದು ರೂಢಿಯೇ. ಗಂಡ ಅಡವಯ್ಯ ಬೆಳಿಗ್ಗೆಯಿಂದ ರೇಣುಕಪ್ರಸಾದನ ಜಲ್ಲಿ ಕ್ರಷರಿನ ಹಿಂದಿನ ಕಂಬದಲ್ಲಿದ್ದ, ಸುಟ್ಟುಹೋದ ತಂತಿ ಜೋಡಿಸುತ್ತ. ಕೈಗವಸಿಲ್ಲ, ಬೆಲ್ಟಿಲ್ಲ. ಗುತ್ತಿಗೆಯ ಲೈನ್‌ಮನ್ನಿಗೆ ಅವನ್ನೆಲ್ಲ ಯಾವ ಪುಣ್ಯಾತ್ಮ ಕೊಟ್ಟಾನು? ಮಧುಗಿರಿ ಕಡೆ ಸಂಜೀವಯ್ಯನೆಂಬ ಇಂಥದೇ ಗುತ್ತಿಗೆಯವನು ಕಂಬದ ಮೇಲಿದ್ದಾಗಲೇ ಯಾರೋ ಫ್ಯೂಸು ಸಿಕ್ಕಿಸಿಬಿಟ್ಟಿದ್ದರು. ಸುಟ್ಟ ಬದನೆಕಾಯಿಯಂತಾಗಿದ್ದ ಅವನನ್ನು ಗೋಣಿಚೀಲದಲ್ಲಿ ಇಳಿಸಬೇಕಾಯಿತು. ಅಂದಿನಿಂದ ಗುತ್ತಿಗೆಯವರೆಲ್ಲ ಕಂಬ ಹತ್ತುವ ಮುಂಚೆ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಹೆಂಡತಿಯ ಮಡಿಲಿಗೆ ಹಾಕುತ್ತಿದ್ದರು. "ನಾನ್ ಇಳ್ದು ಬಂದು ಕೈಯೊಡ್ಡೋಗಂಟ ದ್ಯಾವ್ರು ಬಂದು ಕೇಳಿದ್ರೂ ಕೊಡ್ಬ್ಯಾಡ ಕಣಮ್ಮಿ" ಎಂದಿದ್ದ ಅಡವಯ್ಯ. ಕ್ರಷರಿಗೂ ಈ ಸಭೆಯ ಭವನಕ್ಕೂ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರು; ಅದರ ಪಿಂಗಾಣಿಯ ಮೂರು ಫ್ಯೂಸುಗಳು ಅವಳ ಮಡಿಲಲ್ಲಿ ಭಾರವಾಗಿ ಕೂತಿದ್ದವು.

ತುಮಕೂರಿನಿಂದ ಬಂದ ಸಾಹೇಬರು ಮೈಕು ಹಿಡಿದರು. ಸದ್ದಿಲ್ಲ. 'ನಿರಂತರ ವಿದ್ಯುತ್, ಜನರ ಸಹಭಾಗಿತ್ವ' ಎಂಬ ಬ್ಯಾನರಿನ ಕೆಳಗೆ ಫ್ಯಾನೂ ತಿರುಗಲಿಲ್ಲ.

"ಏನ್ರೀ ಪ್ರಭುದೇವ್, ಕರೆಂಟಿನ ಸಭೆಗೇ ಕರೆಂಟಿಲ್ವಾ?"

ಎಂಜಿನಿಯರ್ ಪ್ರಭುದೇವ್ ಬೆವರು ಒರೆಸಿಕೊಂಡ. "ಲೈನ್ ಕೆಲ್ಸ ಇತ್ತು ಸಾರ್. ಅಡವಯ್ಯ ಫೋನ್ ಎತ್ತಾ ಇಲ್ಲ."

"ಇಷ್ಟೊತ್ಗೆ ಇಳ್ದು ಬೀಡಿ ಸೇದ್ತಾ ಕುಂತಿರ್ತಾನೆ ಬೋಳಿಮಗ. ಕೊಡ್ರಿ ಕರೆಂಟು," ಎಂದ ರೇಣುಕಪ್ರಸಾದ್.

ಮುನಿಯಮ್ಮ ತನಗೇ ತಿಳಿಯದಂತೆ ಎದ್ದು ನಿಂತಿದ್ದಳು. "ಇಳ್ದಿಲ್ಲ ಬುದ್ದಿ! ಇಳ್ದಿದ್ರೆ ನನ್ತಾವ್ ಬತ್ತಿದ್ದ. ಫ್ಯೂಸು ನನ್ ಮಡ್ಲಾಗವೆ."

"ಕೊಡೇ ಇತ್ಲಾಗೆ," ರೇಣುಕಪ್ರಸಾದ್ ಗದರಿದ.

"ಕೊಡಾಕಿಲ್ಲ ಬುದ್ದಿ. ಕಾಲಿಗ್ ಬೀಳ್ತೀನಿ, ಒಬ್ರು ಹೋಗಿ ನೋಡ್ಕಂಡ್ ಬರ್ಲಿ."

"ಎಲ್ರ ಮುಂದೆ ನಿನ್ ಮಡ್ಲಿಗ್ ಕೈ ಹಾಕಿ ನಾನು ಮೈಲಿಗೆ ಆಗ್ಬೇಕೇನೇ ಮುಂಡೆ? ಮಡಿಕ್ಕ ನೀನೇ!" ರೇಣುಕಪ್ರಸಾದ್ ತಮ್ಮನ ಕಡೆ ತಿರುಗಿದ. "ಫ್ಯೂಸ್ ಯಾವನಿಗ್ ಬೇಕು? ತಂತಿ ತುಂಡು ಸಿಕ್ಸಿ ಡೈರೆಕ್ಟ್ ಕೊಡ್ಲಾ."

ಸಾಹೇಬರು ವಾಚು ನೋಡಿದರು. ಪ್ರಭುದೇವ್ ತನ್ನ ಬೂಟು ನೋಡಿಕೊಂಡ. ತಮ್ಮ ಆಗಲೇ ಹೊರಟಿದ್ದ.

ಮುನಿಯಮ್ಮ ಓಡಿದಳು. ಸಮುದಾಯ ಭವನದ ಹಿಂದೆ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ಬಾಗಿಲಿಲ್ಲದೆ ಬಾಯಿ ತೆರೆದಿತ್ತು. ರೇಣುಕಪ್ರಸಾದನ ತಮ್ಮ ಅದರ ಮುಂದೆ ನಿಂತು ತಂತಿಯ ತುದಿ ಕೆರೆದು ಸಿದ್ಧ ಮಾಡುತ್ತಿದ್ದ. ಪೆಟ್ಟಿಗೆಯಿಂದ ಹೊರಟು ಕ್ರಷರಿನ ಕಡೆ ಹೋಗುವ ತಂತಿಯ ರಬ್ಬರು ಎಂದೋ ಸುಟ್ಟು ಉದುರಿತ್ತು. ಅದರ ಆ ತುದಿಯಲ್ಲಿ ಅಡವಯ್ಯನ ಬರಿಗೈ ಇತ್ತು.

ಮುನಿಯಮ್ಮ ಈ ತುದಿಯ ಬೋಳು ತಂತಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು.

"ಈಗ ಕೊಡ್ಲಾ ಕರೆಂಟು!"

ಹೆದರಿಕೆಗೆ ಸೀರೆ ಒದ್ದೆಯಾದದ್ದು ಅವಳಿಗೆ ಗೊತ್ತಾಯಿತು. ಕೈ ಮಾತ್ರ ಬಿಡಲಿಲ್ಲ. ತಮ್ಮ ತಂತಿಯ ತುಂಡು ಹಿಡಿದು ಅವಳನ್ನೂ ಪೆಟ್ಟಿಗೆಯನ್ನೂ ನೋಡಿದ.

ಭವನದೊಳಗಿಂದ ರೇಣುಕಪ್ರಸಾದ್ ಕೂಗಿದ: "ಇನ್ನೂ ಏನ್ಲಾ ತಡ? ಸಾಹೇಬ್ರು ಕಾಯ್ತಾವ್ರೆ!"