ಕೂಗದ ಉಧೋ

ಮೈಲಮ್ಮ ತೀರಿಕೊಂಡ ಸುದ್ದಿ ಬಂದಾಗ ಅವಳ ಅಕ್ಕ ಮಾಳಮ್ಮ ಮನೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೊಟ್ಟೂರಿನ ಬಸ್ಸಿಳಿದು ಬಂದ ಓಬಳೇಶಪ್ಪ ಮಾಸ್ತರ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ.

"ನಿಮ್ಮ ಮೈಲಿ ಮುಂಜಾನಿ ಹೋದ್ಲವ್ವ. ಜ್ವರ ಇಳೀಲಿಲ್ಲ."

ಮಾಳಮ್ಮ ಮೊರ ಕೆಳಗಿಟ್ಟಳು. "ಕಡೀಗೆ ಏನರ ಅಂದ್ಲೇನ್ರಿ?"

"ಮಾತಿರಲಿಲ್ಲ. ಬಾಯಿ ಮುಚ್ಚಿ ಗುಂಯ್ ಅಂತಿದ್ಲು, ನಾ ಕಲಿಸಿದಂಗ."

ಮೈಲಮ್ಮ ಮಾಳಮ್ಮನ ಬೆನ್ನಿಗೆ ಹುಟ್ಟಿದವಳು. ಹುಟ್ಟಿದಾಗ ಗಂಡು ಕೂಸೆಂದು ಮನೆಯವರು ಮೈಲಪ್ಪ ಎಂದು ಹೆಸರಿಟ್ಟಿದ್ದರು. ಪ್ರಾಯಕ್ಕೆ ಬಂದ ಮೇಲೆ ಅವಳು ಉಚ್ಚಂಗೆಮ್ಮ ದೇವಿಯ ಮುತ್ತು ಕಟ್ಟಿಸಿಕೊಂಡು, ಜೋಗತಿಯಾಗಿ ಸೀರೆಯುಟ್ಟು ಬಂದಳು. ಆ ದೇವಿತಾಯಿಯ ಇಚ್ಛೆಯೆಂದು ಮಾಳಮ್ಮ ತಾನೇ ಬಳೆ ತೊಡಿಸಿದಳು. ಊರೂ ಒಗ್ಗಿಕೊಂಡಿತು. ಒಗ್ಗದೆ ಉಳಿದದ್ದು ಅವಳ ಗಂಡುದನಿಯೊಂದೇ. ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೇಳಿದರೆ ಸಾಕು, ಹಿಂದೆ ನಿಂತವರು ಮುಸಿಮುಸಿ ನಗುತ್ತಿದ್ದರು.

ಓಬಳೇಶಪ್ಪ ನಾಟಕದ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವನು. ಟೂರಿಂಗ್ ಟಾಕೀಸು ಬಂದು ಕಂಪನಿ ಮುಚ್ಚಿದ ಮೇಲೆ ಕೊಟ್ಟೂರಿನಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದ. ಮೈಲಮ್ಮ ಅವನ ಬಳಿ ಹೆಣ್ಣುದನಿ ಕಲಿಯಲು ಹೋಗಿ ಕೊಟ್ಟೂರಿನಲ್ಲೇ ಉಳಿದಳು.

"ಗಂಟಲು ಹಿಂಡಿ ಕೀರಲು ಮಾಡಬ್ಯಾಡ," ಎಂದು ಅವನು ಮೊದಲೇ ಹೇಳಿದ್ದ. "ಮೂಗಿನ ಬುಡದಾಗ ಜೇನು ಗುಂಯ್ ಅಂದಂಗಿರಬೇಕು. ನೊಂದ್ರ ನಿಲ್ಲಿಸು."

ಅವಳು ಅದನ್ನು ವ್ರತದಂತೆ ನಡೆಸಿದಳು. ಜೊತೆಗೆ ಯಾವಾಗಲೂ ಬಿಸಿನೀರಿನ ಚೊಂಬು. ಮಂಡಕ್ಕಿ ತಿಂದರೂ ಮಿರ್ಚಿ ಮುಟ್ಟಳು.

"ಏನಲೇ ಮೈಲಿ, ಮೆಣಸಿನಕಾಯಿಗೂ ಮಡಿಯೇನ?" ಎಂದು ಮಾಳಮ್ಮ ಕೆಣಕುತ್ತಿದ್ದಳು.

"ದನಿ ಇನ್ನೂ ಹಸಿಗೂಸು ಐತಕ್ಕ. ಖಾರ ತಿನ್ನಿಸಬಾರದು."

ಬರುಬರುತ್ತ ಅವಳು ಬಾಗಿಲಲ್ಲಿ ನಿಂತು "ಅಕ್ಕಾ" ಎಂದರೆ, ನೆರೆಮನೆಯ ಸುಂಕಮ್ಮ ತಲೆಯೆತ್ತದೆ, "ಮಾಳಮ್ಮ, ನಿನ್ನ ತಂಗಿ ಬಂದಾಳ ನೋಡು," ಎನ್ನುವಂತಾಯಿತು. ಮೊದಲ ಸಲ ಹಾಗೆಂದ ದಿನ ಮೈಲಮ್ಮನ ಮುಖ ನೋಡಬೇಕಿತ್ತು.

ಆ ವರ್ಷ ಭರತ ಹುಣ್ಣಿಮೆಗೆ ಅಕ್ಕತಂಗಿಯರು ಉಚ್ಚಂಗಿದುರ್ಗ ಹತ್ತುವಾಗ ಮೈಲಮ್ಮನಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಅದು ತಿಳಿಯಾಗುವ ತನಕ ಪಿಸುಮಾತೂ ಕೂಡದೆಂದು ಮಾಸ್ತರ ಹೇಳಿ ಕಳಿಸಿದ್ದ. ಜನವೆಲ್ಲ ಮೆಟ್ಟಿಲು ಮೆಟ್ಟಿಲಿಗೆ "ಉಧೋ, ಉಧೋ" ಎಂದು ದೇವಿಯನ್ನು ಕೂಗುತ್ತಿದ್ದರೆ ಇವಳು ಕೈಮುಗಿದು ತುಟಿ ಮಾತ್ರ ಆಡಿಸುತ್ತಿದ್ದಳು. ಮಾಳಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ತಾಯಿ ಕೊಟ್ಟ ಸೀರಿ ಬೇಕು. ತಾಯಿ ಹೆಸರು ಹೇಳಾಕ ಬಾಯಿ ಸವೀತೈತೇನ?"

ಮೈಲಮ್ಮ ಗಂಟಲು ಮುಟ್ಟಿ ತೋರಿಸಿದಳು.

"ಆ ಗಂಟಲು ಕೊಟ್ಟಾಕಿ ಯಾರು? ಕೂಗು."

ಮೈಲಮ್ಮ ಕೂಗಿದಳು. ಬೆಟ್ಟದ ತುದಿಯ ತನಕ ಕೂಗುತ್ತಲೇ ಹೋದಳು. ದನಿ ಒಡೆದು ಒರಟಾಗಿ ಬಂತು.

"ಹೋತ ಒದರಿದಂಗಾತಲ್ಲೋ," ಎಂದು ಹಿಂದೆ ಬರುತ್ತಿದ್ದವನೊಬ್ಬ ನಕ್ಕ. ಮಾಳಮ್ಮ ಮಾತ್ರ ದೇವಿಗೆ ಸಲ್ಲಬೇಕಾದದ್ದು ಸಂದಿತೆಂದು ಸಮಾಧಾನಪಟ್ಟಳು.

ಕಲಿತ ದನಿ ಮತ್ತೆ ಮೊದಲಿನಂತೆ ಕೂಡಿಬರಲಿಲ್ಲ. ಅಲ್ಲಿಂದೀಚೆಗೆ ಮೈಲಮ್ಮ ಬಂದರೆ ಕರೆಯುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಚಿಲಕ ಅಲ್ಲಾಡಿಸುತ್ತಿದ್ದಳು. ಬರುಬರುತ್ತ ಆ ಸದ್ದೂ ಅಪರೂಪವಾಯಿತು. ಯಾಕೆಂದು ಮಾಳಮ್ಮ ಕೇಳಲಿಲ್ಲ. ಉತ್ತರ ತನಗೇ ಗೊತ್ತಿತ್ತು.

"ಮಾಸ್ತರ, ಅವತ್ತು ನಾ ಕೂಗಿಸದಿದ್ರ ಅಕಿ ದನಿ ಉಳೀತಿತ್ತೇನ್ರಿ?" ಎಂದು ಮಾಳಮ್ಮ ಈಗ ಮೊರದ ಮುಂದೆ ಕೂತೇ ಕೇಳಿದಳು.

ಓಬಳೇಶಪ್ಪ ರುಮಾಲಿನ ಅಂಚು ಹೊಸೆದ. "ಅಕಿ ನಿಮ್ಮನ್ನ ಒಂದಿನಾನೂ ಬೈಲಿಲ್ಲವ್ವ. ಹಾಸಿಗಿ ಹಿಡಿದ್ರೂ ಕಲೀತಿದ್ಲು. 'ಅಕ್ಕಾ' ಅನ್ನೋದೊಂದು ನೆಟ್ಟಗ ಬರ್ಲಿ, ಊರಿಗೆ ಹೋಗಿ ಬರ್ತೀನಿ ಅಂತಿದ್ಲು."

ಕೊಟ್ಟೂರಿಗೆ ಹೊರಡುವ ಮುನ್ನ ಮಾಳಮ್ಮ ದೇವರ ಗೂಡಿಗೆ ದೀಪ ಹಚ್ಚಿದಳು. ಜನ್ಮದ ರೂಢಿಯಂತೆ ಕೂಗಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಆಮೇಲೆ ದೀಪದ ಕುಡಿಯೂ ಅಲುಗದಷ್ಟು ಮೆಲ್ಲಗೆ ಬೇಡಿದಳು:

"ಉಧೋ, ತಾಯಿ ಉಚ್ಚಂಗೆಮ್ಮ. ಕೂಗದವರದೂ ನಿನಗ ಕೇಳತೈತಿ, ನನಗ ತಿಳೀಲಿಲ್ಲ. ನನ್ನ ತಂಗಿ ಬರ್ತಾಳ. ಅಕಿ ಗಂಟಲು ನೊಂದೈತಿ, ಏನೂ ಮಾತಾಡಿಸಬ್ಯಾಡ. ನಿನ್ನ ಮಡಿಲಾಗ ತಣ್ಣಗ ಇಟ್ಟುಕೋ."