ಬೇಟೆನಾಯಿಗಳ ಗಾಡಿ

ನಾಯಿಗಳನ್ನು ಬಿಟ್ಟು ತಾನು ಎಲ್ಲಿಗೂ ಹೋಗುವುದಿಲ್ಲ ಎಂದು ಬೀಬೀಮಾ ಹಟ ಹಿಡಿದ ದಿನವೇ ಅವಳ ಮೋಟಾರು ನಡೆಸುವ ಆಶಪ್ಪನ ಎದೆಯಲ್ಲಿ ಕಲ್ಲು ಕೂತಿತು.

ನಿಜಾಮರ ಸರ್ಕಾರ ಬಿದ್ದು ವಾರವಾಗಿತ್ತು. ಮಕ್ತಲಿನಲ್ಲಿ ಮಿಲಿಟರಿಯವರು ಡೇರೆ ಹಾಕಿದ್ದರು. ನಾರಾಯಣಪೇಟೆಗೆ ಅವರ ಲಾರಿ ಒಮ್ಮೆ ಬಂದು ಹೋದದ್ದು ಬಿಟ್ಟರೆ ಊರಿಗೆ ಹೇಳುವವರು ಕೇಳುವವರು ಇರಲಿಲ್ಲ. ನಿನ್ನೆಯವರೆಗೆ ಹುಕುಂ ನಡೆಸಿದವರು ಓಡಿಹೋಗಿದ್ದರು. ನಾಳೆ ನಡೆಸುವವರು ಇನ್ನೂ ಬಂದಿರಲಿಲ್ಲ. ನಡುವಿನ ದಿನಗಳು ಯಾರ ಕೈಗೆ ಬಡಿಗೆ ಸಿಕ್ಕಿತೋ ಅವರವು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಮಧ್ಯಾಹ್ನವೇ ಬಾಗಿಲುಗಳಿಗೆ ಅಗಳಿ ಬೀಳುತ್ತಿತ್ತು.

ಬೀಬೀಮಾಗೆ ಎಪ್ಪತ್ತು ದಾಟಿತ್ತು. ಗಂಡ ಜಾಗೀರ್ದಾರ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಜಮೀಲಮಿಯ್ಯಾ ರೇಡಿಯೋದಲ್ಲಿ ಶರಣಾಗತಿಯ ಸುದ್ದಿ ಕೇಳಿದ ಬೆಳಿಗ್ಗೆಯೇ ಕುದುರೆ ಹತ್ತಿ ಎಲ್ಲಿಗೋ ಹೋಗಿದ್ದ. ತಾಯಿಗೆ ಒಂದು ಮಾತೂ ಹೇಳಿರಲಿಲ್ಲ. ಹೊಳೆಯಾಚೆ ಗದ್ವಾಲಿನಲ್ಲಿ ಅವಳ ತಂಗಿಯ ಮನೆಯಿತ್ತು, ಅಲ್ಲಿ ಗಲಾಟೆ ಇಲ್ಲವೆಂದು ಸುದ್ದಿ. ಮಕ್ತಲಿನ ಮೇಲೆ ಹೊಳೆದಂಡೆಗೆ ಮೋಟಾರು, ಅಲ್ಲಿಂದ ಹರಗೋಲು, ಅಲ್ಲಿಂದಾಚೆ ತಂಗಿಯ ಮನೆಯ ಬಂಡಿ. ದಾರಿ ಕಷ್ಟದ್ದೇನಲ್ಲ. ಕಷ್ಟವಿದ್ದದ್ದು ಬಾಜ್, ಸುಲ್ತಾನ, ಬಿಜಲಿ ಎಂಬ ಮೂರು ನಾಯಿಗಳದ್ದು.

ಉದ್ದ ಕಾಲು, ಸಣ್ಣ ನಡು, ಚಾಚಿದ ಮೂತಿಯ ಬೇಟೆನಾಯಿಗಳವು. ಮೊಲ ಅಟ್ಟಲೆಂದು ಜಾಗೀರ್ದಾರರು ತಂದ ತಳಿ. ಬಿಜಲಿಗೆ ಹೊಟ್ಟೆ ತುಂಬಿತ್ತು, ಇನ್ನೇನು ಮರಿ ಹಾಕುವ ಹಾಗಿತ್ತು.

ಗಾಡಿಖಾನೆಯಲ್ಲಿ ಎರಡು ಮೋಟಾರು ಇದ್ದವು. ಹತ್ತಾರು ವರ್ಷದಿಂದ ಎರಡನ್ನೂ ನಡೆಸಿದವನು ಆಶಪ್ಪನೇ. ಒಂದು ಕರಿಯದು, ನಾಲ್ಕೂ ಕಡೆ ಗಾಜು, ಬಾಗಿಲು ಹಾಕಿದರೆ ಪೆಟ್ಟಿಗೆ. ಇನ್ನೊಂದು ಬಟ್ಟೆಯ ಮಾಡಿನ, ಬದಿ ತೆರೆದ ಹಳೆಯ ಫೋರ್ಡ್. ಬೀಬೀಮಾ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ನಾಯಿಗಳನ್ನು ಒಂದೊಂದರಲ್ಲೂ ಕೂಡಿಸಿ ನೋಡೆಂದಳು.

ಕರಿಯದರಲ್ಲಿ ನಾಯಿಗಳಿಗೆ ನಿಲ್ಲಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ. ಹಿಂದಿನ ಸೀಟು ಕಿತ್ತು ಗೋಣಿ ಹಾಸಿದರೂ ಗಾಜಿನ ಬಿಸಿಲಿಗೆ ಬಿಜಲಿ ನಾಲಿಗೆ ಚಾಚಿ, ಕೆರೆಯ ತಿರುವು ಮುಟ್ಟುವ ಮೊದಲೇ ವಾಂತಿ ಮಾಡಿತು. ಫೋರ್ಡಿನಲ್ಲಿ ಗಾಳಿ ಚೆನ್ನಾಗಿತ್ತು. ಆದರೆ ಬೀದಿಯಲ್ಲಿ ಹೋಗುವಾಗ ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ ಎದ್ದು ನಿಂತರು. ಸುಲ್ತಾನ ಸೀಟಿನ ಮೇಲೆ ಮುಂಗಾಲು ಊರಿ ಅವರನ್ನು ನೋಡಿತು. ಅವರೂ ಅದನ್ನು ನೋಡಿದರು. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಆಶಪ್ಪನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಆ ಸಂಜೆ ಅವನ ಹೆಂಡತಿ ಗುರಮ್ಮನ ತಮ್ಮ ಜಂಬಪ್ಪ ಮನೆಗೆ ಬಂದ. ಎಡಗಾಲೆಳೆದು ನಡೆಯುವ ಹುಡುಗ. ಹೋದ ಸುಗ್ಗಿಯಲ್ಲಿ ಸರ್ಕಾರಕ್ಕೆ ಅಳೆದುಕೊಡಬೇಕಾದ ಲೆವಿ ಜೋಳ ಬಚ್ಚಿಟ್ಟಿದ್ದಾರೆಂದು ಜಮೀಲಮಿಯ್ಯಾ ಅವರ ಹಟ್ಟಿಗೆ ನಾಯಿ ಬಿಟ್ಟಿದ್ದ. ಜಂಬಪ್ಪನ ಮೀನಖಂಡದಲ್ಲಿ ಹಿಡಿ ಮಾಂಸ ಹೋಗಿತ್ತು. ಓಡಿ ತಪ್ಪಿಸಿಕೊಳ್ಳಲು ಹೋದ, ಅದೇ ಹಟ್ಟಿಯ ಮೊಗುಲಪ್ಪನ ತಂದೆ ಹಾಳುಬಾವಿಗೆ ಬಿದ್ದು ಸತ್ತಿದ್ದ.

ಜಂಬಪ್ಪ ನೀರು ಕುಡಿದು ಚರಿಗೆ ಕೆಳಗಿಟ್ಟು ಹೇಳಿದ, "ಮಾಮಾ, ಮುದುಕಿ ಹೊಂಟಾಳಂತ. ಯಾವ ಮೋಟಾರಿನ್ಯಾಗ?"

"ನಿಂಗ್ಯಾಕೋ ಅದು?"

"ನಂಗಲ್ಲ. ಮೊಗುಲಪ್ಪಣ್ಣ ಕೇಳ್ಯಾನ. ಮುದುಕಿ ಮೈ ಮುಟ್ಟಂಗಿಲ್ಲ ಅಂದಾನ. ನಾಯಿ ಅಷ್ಟ ಬೇಕು ನಮಗ. ಅಷ್ಟ."

"ಮೂಕ ಪ್ರಾಣಿ. ಬಿಟ್ಟಾಂವ ಬ್ಯಾರೆ ಅದಾನಲ್ಲೋ."

"ಬಿಟ್ಟಾಂವ ಸಿಕ್ಕಿದ್ರ ನಾಯಿ ಯಾಕ ಬೇಕಿತ್ತು?" ಎಂದ ಜಂಬಪ್ಪ. ದನಿ ಏರಿಸಲಿಲ್ಲ. "ಯಾವ ಮೋಟಾರು, ಯಾವ ದಿನ, ಇಷ್ಟ ಹೇಳು. ನೀ ಹೇಳಲಿಲ್ಲಂದ್ರ ನೀನೂ ಅವರ ಪೈಕಿ ಅಂತಾರ. ಅಕ್ಕನ್ನ ನೋಡಿ ನಾ ಬಂದೀನಿ."

ಗುರಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಬರೇ ನಾಯಿ ಎಂಬ ಮಾತನ್ನು ಆಶಪ್ಪ ನಂಬಲಿಲ್ಲ. ಬಡಿಗೆ ಎತ್ತಿದ ಕೈ ಎಲ್ಲಿ ನಿಲ್ಲುತ್ತದೆಂದು ಎತ್ತಿದವನಿಗೂ ಗೊತ್ತಿರುವುದಿಲ್ಲ. ಹೇಳದಿದ್ದರೆ ಮನೆ ಉಳಿಯುವುದಿಲ್ಲ, ಹೇಳಿದರೆ ಮುದುಕಿ ಉಳಿಯುವುದಿಲ್ಲ. "ಕರೀದು," ಎಂದುಬಿಟ್ಟ. "ಶುಕ್ರವಾರ, ಮಕ್ತಲ್ ದಾರೀಲೆ."

ಆ ಕ್ಷಣವೇ ಅವನು ಮನಸ್ಸಿನಲ್ಲಿ ತೀರ್ಮಾನಿಸಿದ್ದ: ಕರಿಯದನ್ನು ಹೊರಗೇ ತೆಗೆಯಬಾರದು. ಕರಿಯದಕ್ಕೆ ಕಾಯುವವರು ಬೇರೆ ಗಾಡಿಯನ್ನು ತಡೆಯಲಿಕ್ಕಿಲ್ಲ.

ಮಾರನೆಯ ದಿನ ಸೀರೆ ವ್ಯಾಪಾರಿ ಸಾಯಣ್ಣನ ಅಂಗಳಕ್ಕೆ ಹೋದ. ಸೀರೆಯ ಗಂಟುಗಳನ್ನು ಊರೂರಿಗೆ ಒಯ್ಯುವ ಅವನ ಮುಚ್ಚಿದ ವ್ಯಾನು ಪೆಟ್ರೋಲಿಲ್ಲದೆ ತಿಂಗಳುಗಟ್ಟಲೆ ನಿಂತಿತ್ತು. ಬದಿಗೆ ಕಿಟಕಿಯಿಲ್ಲ, ಮಾಡಿನ ಕೆಳಗೆ ಗಾಳಿಗೆಂದು ಕೊರೆದ ತೂತುಗಳ ಸಾಲು. ಒಳಗೆ ಹಲಗೆ ನೆಲ, ಕಾಲಿಗೆ ತಗಡಿನ ಬಿಸಿ ತಟ್ಟುವಂತಿಲ್ಲ. ನಾಯಿ ನಿಲ್ಲಬಹುದು, ತಿರುಗಬಹುದು, ಬಸುರಿ ನಾಯಿ ಕಾಲು ಚಾಚಿ ಮಲಗಬಹುದು. ಹಿಂದೆ ಎರಡು ಬಾಗಿಲು, ಹೊರಗಿನಿಂದ ಚಿಲಕ. ನಾಯಿಗೆಂದೇ ಮಾಡಿಸಿದ ಹಾಗಿತ್ತು. ಫೋರ್ಡನ್ನು ಬದಲಿಗೆ ಕೊಡುತ್ತೇವೆಂದಾಗ ಸಾಯಣ್ಣ ಒಪ್ಪಿದ. "ನಾ ಕೊಟ್ಟೆ ಅಂತ ಯಾರಿಗೂ ಹೇಳಬ್ಯಾಡ್ರಿ," ಎಂದ.

ಬೀಬೀಮಾ ಒಪ್ಪಲಿಲ್ಲ.

"ಸಾಮಾನಿನ ಗಾಡಿಯಾಗ ನಾ ಯಾಕ ಹೋಗಬೇಕೋ ಆಶಪ್ಪಾ? ಕಳ್ಳರೇನು ನಾವು? ನನ್ನ ಬಚ್ಚೇಗೋಳು ಯಾರಿಗೆ ಏನು ಮಾಡ್ಯಾವ?"

ಅವಳಿಗೆ ಗೊತ್ತಿಲ್ಲವೆಂದು ಆಶಪ್ಪನಿಗೆ ಆಗಲೇ ತಿಳಿದದ್ದು. ಸುಗ್ಗಿಯಿಂದ ಈತನಕ ಯಾರೂ ಅವಳ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅವನು ನೆಲ ನೋಡುತ್ತಾ ಹೇಳಿದ. ಲೆವಿ ಜೋಳದ ಮಾತು, ಜಂಬಪ್ಪನ ಕಾಲು, ಬಾವಿ, ಎಲ್ಲ. ಜಮೀಲಮಿಯ್ಯಾನ ಹೆಸರು ಬಂದಾಗೆಲ್ಲ ಮುದುಕಿಯ ಕೈ ಬಾಜ್‌ನ ಕಿವಿಯ ಮೇಲೆ ನಿಲ್ಲುತ್ತಿತ್ತು, ಮತ್ತೆ ಸವರುತ್ತಿತ್ತು. ತಾನು ಜಂಬಪ್ಪನಿಗೆ ಹೇಳಿದ ಒಂದು ಮಾತನ್ನು ಮಾತ್ರ ಅವನು ಹೇಳಲಿಲ್ಲ.

ಆಮೇಲೆ, "ಬಿಟ್ಟು ಹೋದ್ರ ಕೊಲ್ತಾರ?" ಎಂದಳು.

"ಕೊಲ್ತಾರ್ರಿ."

"ಹಂಗಾರ ನಾನೂ ಹಿಂದ ಕೂಡ್ತೀನಿ, ಅವುಗಳ ಸಂಗಾಟ. ಮಗನ ಪಾಪ ಕೇಳಿದ ಮ್ಯಾಲ ತಾಯಿ ಮುಂದಿನ ಸೀಟಿನ್ಯಾಗ ಹ್ಯಾಂಗ ಕೂಡ್ತಾಳ?"

ಶುಕ್ರವಾರ ಹೊತ್ತೇರಿದ ಮೇಲೆ ಹೊರಟರು. ಬೇಗ ಹೊರಟರೆ ಓಡಿಹೋಗುವವರಂತೆ ಕಾಣುತ್ತೇವೆಂದು ಆಶಪ್ಪನ ಲೆಕ್ಕ. ಕರಿಯ ಮೋಟಾರಿನ ಪೆಟ್ರೋಲನ್ನು ವ್ಯಾನಿಗೆ ತುಂಬಿ, ಖಾಲಿ ಮೋಟಾರನ್ನು ಗಾಡಿಖಾನೆಯಲ್ಲಿ ಬೀಗ ಹಾಕಿಟ್ಟ. ವ್ಯಾನಿನ ಹಿಂದೆ ಹುಲ್ಲು ಹಾಸಿ, ಅದರ ಮೇಲೆ ಗೋಣಿ ಹೊದಿಸಿ, ಒಂದು ಮೂಲೆಗೆ ನೀರಿನ ಬಾನಿ ಇಟ್ಟ. ಮುದುಕಿ ಗೋಡೆಗೊರಗಿ ಕೂತಳು, ಬಿಜಲಿ ಅವಳ ತೊಡೆಗೆ ತಲೆಯಿಟ್ಟಿತು. ಆಶಪ್ಪ ಹೊರಗಿನಿಂದ ಚಿಲಕ ಹಾಕಿದ.

ದಾರಿಯಲ್ಲಿ ಜನ ಕಾಣಲಿಲ್ಲ. ಹೊಲದಲ್ಲಿ ಜೋಳ ಮೊಳಕಾಲುದ್ದ ಬೆಳೆದಿತ್ತು, ಎಡೆ ಹೊಡೆಯುವವರಿಲ್ಲ. ಒಂದು ಎತ್ತು ಒಂಟಿಯಾಗಿ ಹಗ್ಗ ಎಳೆದುಕೊಂಡು ನಡೆದಿತ್ತು. ಹಳ್ಳದ ಮೋರಿ ಇನ್ನೂ ದೂರವಿರುವಾಗಲೇ ಹಿಂದಿನಿಂದ ಸುಲ್ತಾನ ಊಳಿಟ್ಟಿತು. ನಂತರ ಬಾಜ್. ಬೀಬೀಮಾ ಗದರಿಸುವುದು ಕೇಳಿಸಿತು. ನಾಯಿಗಳು ಸುಮ್ಮನಾಗಲಿಲ್ಲ.

ತಿರುವು ದಾಟಿದಾಗ ಆಶಪ್ಪ ನೋಡಿದ. ಮೋರಿಯ ಮೇಲೆ ಅಡ್ಡಕ್ಕೆ ಕಲ್ಲು ಪೇರಿಸಿದ್ದರು. ಕಲ್ಲಿಗೆ ಮೂತಿಯೊತ್ತಿ ಕರಿಯ ಮೋಟಾರೊಂದು ನಿಂತಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು, ಗಾಜು ರಸ್ತೆಯ ತುಂಬ ಚೆಲ್ಲಿತ್ತು. ಒಂದು ಕ್ಷಣ ಅವನಿಗೆ ಅದು ತಮ್ಮದೇ ಮೋಟಾರು ಅನ್ನಿಸಿತು. ಬೀಗ ಹಾಕಿದ್ದು ಇಲ್ಲಿಗೆ ಹೇಗೆ ಬಂತು? ಅದು ಬೇರೆಯದು. ಕೋಸಗಿ ಕಡೆಯ ಬಾಡಿಗೆ ಮೋಟಾರು.

ಮೊಗುಲಪ್ಪನಾಗಲಿ ಅವನ ಜನವಾಗಲಿ ಇರಲಿಲ್ಲ. ಜಂಬಪ್ಪ ಒಬ್ಬನೇ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ವ್ಯಾನು ನಿಂತಾಗ ತಲೆಯೆತ್ತಿದ. ಆಶಪ್ಪನ ಮುಖ ನೋಡಿದ. ಒಳಗಿನ ನಾಯಿಗಳ ಸದ್ದು ಕೇಳಿದ. ಎಲ್ಲ ಅವನಿಗೆ ಅರ್ಥವಾಯಿತು.

"ಅದರಾಗ ನಾಯಿ ಇರಲಿಲ್ಲ, ಮಾಮಾ," ಎಂದ. "ಬಾಗಿಲಾ ತೆಗೆಯೋದರಾಗ ಕಲ್ಲು ಬಿದ್ದಿದ್ದವು. ನಾಯಿ ಇಲ್ಲ, ನಾಯಿ ಇಲ್ಲ ಅಂತ ನಾ ಒದರಿದೆ. ಯಾರೂ ಕೇಳಲಿಲ್ಲ."

ಮೋಟಾರಿನಾಚೆ ಒಬ್ಬ ಮನುಷ್ಯ ಮುಖ ಕೆಳಗಾಗಿ ಬಿದ್ದಿದ್ದ. ಅವನನ್ನು ಮುಟ್ಟಿ ನೋಡಬೇಕಾಗಿರಲಿಲ್ಲ. ಇನ್ನೊಬ್ಬ ಗಾಲಿಗೊರಗಿ ಕೂತಿದ್ದ, ಎದೆ ಏರಿಳಿಯುತ್ತಿತ್ತು. ಮೋಟಾರು ನಡೆಸಿದವನು ಹೊಲಕ್ಕಿಳಿದು ಓಡಿದ್ದನಂತೆ.

"ಆಶಪ್ಪಾ, ಬಾಗಿಲಾ ತೆಗಿ," ಎಂದು ಒಳಗಿನಿಂದ ಬೀಬೀಮಾ ಹಲಗೆ ಬಡಿದಳು.

ತೆಗೆದರೆ ಅವಳು ನೋಡುತ್ತಾಳೆ. ತೆಗೆಯದಿದ್ದರೆ ಈ ಮನುಷ್ಯ ಇಲ್ಲಿಯೇ ಸಾಯುತ್ತಾನೆ. ಮೊಗುಲಪ್ಪನವರು ಎಷ್ಟು ದೂರ ಹೋಗಿದ್ದಾರೋ ಗೊತ್ತಿಲ್ಲ. ಆಶಪ್ಪ ಚಿಲಕ ತೆಗೆದ. ಮುದುಕಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ರಸ್ತೆಯ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ನೋಡಿದಳು. ಕೊನೆಗೆ ಜಂಬಪ್ಪನ ಕಾಲನ್ನು ನೋಡಿದಳು.

"ಒಳಗ ಹಾಕ್ರಿ ಅವರನ್ನ," ಎಂದಳು.

ಜಂಬಪ್ಪ ಕಾಲು ಹಿಡಿದ, ಆಶಪ್ಪ ಹೆಗಲು ಹಿಡಿದ. ಜಂಬಪ್ಪ ವ್ಯಾನಿನ ಬಾಗಿಲ ತನಕ ಬಂದು, ನಾಯಿಗಳನ್ನು ಕಂಡು ಅಲ್ಲೇ ನಿಂತ. ಬೀಬೀಮಾ ಮೂರರ ಕೊರಳಪಟ್ಟಿಯನ್ನೂ ಒಟ್ಟಿಗೆ ಹಿಡಿದು ಗೋಡೆಗೆ ಒತ್ತಿದಳು. ಗಾಯಾಳುವನ್ನು ಗೋಣಿಯ ಮೇಲೆ, ಸತ್ತವನನ್ನು ಬಾಗಿಲ ಪಕ್ಕಕ್ಕೆ ಮಲಗಿಸಿದರು.

"ನೀನೂ ಹತ್ತು ಬೇಟಾ. ತಲೆ ಹಿಡಕೊಳ್ಳಾಕ ಒಬ್ಬರು ಬೇಕು."

ಆಶಪ್ಪ ಅಡ್ಡಗಲ್ಲು ಸರಿಸಿ ದಾರಿ ಮಾಡಿದ ಮೇಲೆ ಜಂಬಪ್ಪ ಹತ್ತಿದ. ತನ್ನ ಕಾಲಿನ ಮಾಂಸ ಕಿತ್ತ ನಾಯಿಯಿಂದ ಕೈಯಳತೆಯಲ್ಲಿ ಕೂತು, ಹೆಸರು ಗೊತ್ತಿಲ್ಲದ ಮನುಷ್ಯನ ತಲೆಯನ್ನು ಮಕ್ತಲಿನವರೆಗೆ ಹಿಡಿದುಕೊಂಡ.

ಮಿಲಿಟರಿ ಡೇರೆಯಲ್ಲಿ ಡಾಕ್ಟರಿದ್ದರು. ಆದರೆ ಮಕ್ತಲಿನ ಮನೆಗಳು ಕಾಣುವ ಹೊತ್ತಿಗೇ ಉಸಿರು ನಿಂತಿತ್ತೆಂದು ಆಮೇಲೆ ಜಂಬಪ್ಪ ಹೇಳಿದ. ಕೋಸಗಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಹುಸೇನ್ ಮಾಸ್ತರ್ ಅಂತೆ. ಅಣ್ಣನೊಡನೆ ರಾಯಚೂರಿಗೆ ಹೊರಟಿದ್ದನಂತೆ. ಬಜಾರಿನವನೊಬ್ಬ ಗುರುತು ಹಿಡಿದ. ಎಲ್ಲಿ ಸಿಕ್ಕ ಎಂದು ಡಾಕ್ಟರು ಕೇಳಿದಾಗ, "ದಾರಿಯಾಗ್ರಿ," ಎಂದ ಆಶಪ್ಪ. ಬೀಬೀಮಾ ಅವನ ಮುಖ ನೋಡಿದಳು.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾಯಿಗಳ ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಅಂಬಿಗರು ಒಪ್ಪಿದರು. ಹರಗೋಲು ಹತ್ತುವ ಮುಂಚೆ ಬೀಬೀಮಾ ಕೇಳಿದಳು, "ಕರೀ ಮೋಟಾರು ಬರ್ತದಂತ ಅವರಿಗೆ ಯಾರು ಹೇಳಿದ್ರು?"

ಆಶಪ್ಪ ಬಗ್ಗಿ ಸುಲ್ತಾನನ ಕಣ್ಣಿನ ಬಟ್ಟೆಯ ಗಂಟನ್ನು ಮತ್ತೆ ಬಿಗಿದ.

"ಇರಲಿ," ಎಂದಳು ಮುದುಕಿ. "ನನ್ನ ಜೀವಕ್ಕ ಇಬ್ಬರನ್ನ ಕೊಟ್ಟಿ ನೀನು. ಅಷ್ಟು ಕಿಮ್ಮತ್ತಿರಲಿಲ್ಲ ಇದಕ್ಕ."

ಆಮೇಲೆ ಅವಳು ತಿರುಗಿ ನೋಡಲಿಲ್ಲ.

ನಾರಾಯಣಪೇಟೆಗೆ ಹಿಂದಿರುಗಿದ ಮೇಲೆ ಕೆಲವು ದಿನ ಯಾರೂ ಏನೂ ಕೇಳಲಿಲ್ಲ. ಸಂತೆಯ ದಿನ ಮೊಗುಲಪ್ಪ ಎದುರಾದ. ಹೆಗಲ ಮೇಲೆ ಕೈ ಹಾಕಿದ. ನಗುತ್ತಿದ್ದ.

"ಏನ್ ಆಶಪ್ಪಣ್ಣಾ, ಹಿಂಗ ದೂರ ದೂರ ಹೊಂಟಿ? ಕಲ್ಲು ನಾವು ಒಗದ್ವಿ, ಮೋಟಾರು ನೀ ತೋರಿಸಿದಿ. ಒಂದೇ ಹಗ್ಗದಾಗ ಅದೀವಿ ಈಗ. ಯಾರು ಎಳದ್ರೂ ಎಲ್ಲಾರ ಕುತ್ತಿಗಿಗೆ ಬಿಗಿತೈತಿ. ಜಂಬ್ಯಾಗೂ ಹೇಳು. ಅವ ಯಾಕೋ ಊಟಾ ಬಿಟ್ಟು ತನ್ನಷ್ಟಕ್ಕ ತಾನ ಮಾತಾಡ್ತಾನಂತ."

ಆ ರಾತ್ರಿ ಆಶಪ್ಪ ಎಲ್ಲವನ್ನೂ ಹೇಳಿದಾಗ ಗುರಮ್ಮ ಅಳಲಿಲ್ಲ. "ಮಿಲಿಟರಿಯವರಿಗೆ ಹೋಗಿ ಹೇಳು. ಮೊದಲು ನಿನ್ನ ಹೆಸರು ಹೇಳು, ಆಮ್ಯಾಲ ನನ್ನ ತಮ್ಮಂದು," ಎಂದಳು. ಬೆಳಿಗ್ಗೆ ಜಂಬಪ್ಪನೂ ಸೇರಿ ಮೂವರೂ ಮಕ್ತಲಿಗೆ ನಡೆದರು. ಡೇರೆಗಳಿದ್ದ ಬಯಲಿನಲ್ಲಿ ಗೂಟ ಕಿತ್ತ ತೂತುಗಳೂ ಗಾಲಿಯ ಗುರುತುಗಳೂ ಉಳಿದಿದ್ದವು. ಮಿಲಿಟರಿ ಹಿಂದಿನ ದಿನವೇ ಮುಂದಿನೂರಿಗೆ ಹೋಗಿತ್ತು. ದೂರದಲ್ಲಿ, ಅವರು ಬಂದ ದಾರಿಯಲ್ಲೇ, ಬೇವಿನ ಮರದ ಕೆಳಗೆ ಮೊಗುಲಪ್ಪನ ಕಡೆಯ ಇಬ್ಬರು ನಿಂತಿದ್ದರು. ಊರಿನಿಂದ ಹಿಂದೆಯೇ ಬಂದಿದ್ದರು.

ಇನ್ನು ಊರಿಗೆ ಮರಳುವಂತಿರಲಿಲ್ಲ. ಆಶಪ್ಪ, ಗುರಮ್ಮ ಅಲ್ಲಿಂದಲೇ ಹೊಳೆ ದಾಟಿ ಗದ್ವಾಲಿಗೆ ಹೋದರು. ಜಂಬಪ್ಪ ದಂಡೆಯಲ್ಲೇ ನಿಂತ.

"ಅವ್ವ ಒಬ್ಬಾಕಿ ಅದಾಳ, ಅಕ್ಕಾ. ಆಕೀನ್ನ ಕರಕೊಂಡು ಬರ್ತೀನಿ," ಎಂದ.

ಗದ್ವಾಲಿನಲ್ಲಿ ಆಶಪ್ಪ ಸೀರೆ ಅಂಗಡಿಯೊಂದರಲ್ಲಿ ಗಂಟು ಹೊರುವ ಕೆಲಸ ಹಿಡಿದ. ಮೋಟಾರು ಮುಟ್ಟಲಿಲ್ಲ. ದೀಪಾವಳಿಯ ಹೊತ್ತಿಗೆ ಗುರಮ್ಮನ ತಾಯಿ ಒಬ್ಬಳೇ ಬಂದಳು, ಕೈಯಲ್ಲಿ ಸಣ್ಣ ಗಂಟು. ಅಂದು ಮಕ್ತಲಿಗೆ ಹೋದ ಮಗ ಮನೆಗೆ ಬರಲೇ ಇಲ್ಲವೆಂದಳು. ಗದ್ವಾಲಿನಲ್ಲಿ ಅಕ್ಕನ ಜೊತೆಯೇ ಇದ್ದಾನೆಂದು ಮೊಗುಲಪ್ಪ ಹೇಳಿದ್ದನಂತೆ, ಅದನ್ನು ನಂಬಿ ಇಷ್ಟು ದಿನ ಸುಮ್ಮನಿದ್ದಳಂತೆ. ಗುಡಿಸಲ ಒಳಗೆಲ್ಲ ಕಣ್ಣಾಡಿಸಿ ಕೇಳಿದಳು, "ಎಲ್ಲಿ ಅದಾನವ್ವಾ, ಕೆಲಸಕ್ಕ ಹೋಗ್ಯಾನೇನು?"

ಗುರಮ್ಮ ಗಂಡನ ಮುಖ ನೋಡಲಿಲ್ಲ. ತಾಯಿಯ ಕೈಯ ಗಂಟು ಇಳಿಸಿಕೊಂಡು, "ಕೂಡವ್ವಾ," ಎಂದು ಚಾಪೆ ಹಾಸಿದಳು.