ಏಳನೆಯ ಮಾಳಿಗೆಗೆ ಮರಳು

"ನಾಳೆಯಿಂದ ನೀವು ಬರುವುದು ಬೇಡ" ಎಂದು ಹೇಳುವಾಗ ಸೈಟ್ ಇಂಜಿನಿಯರ್ ಅಖಿಲ್ ಅಂಬವ್ವನ ಮುಖ ನೋಡಲಿಲ್ಲ, ಫೋನ್ ನೋಡಿದ. ಮಣಿಪಾಲದ ಇಳಿಜಾರಿನಲ್ಲಿ ಕಟ್ಟುತ್ತಿದ್ದ ಏಳು ಮಾಳಿಗೆಯ ವಸತಿ ಸಮುಚ್ಚಯದ ಬುಡದಲ್ಲಿ, ಮರಳಿನ ರಾಶಿಯ ಪಕ್ಕ, ಅವಳು ಆಗಷ್ಟೇ ತುಂಬಿದ ಬುಟ್ಟಿಯನ್ನು ತಲೆಗೇರಿಸಿಕೊಂಡಿದ್ದಳು. ತಲೆಯ ಮೇಲೆ ಭಾರ ಇರುವವರು ತಲೆ ಅಲ್ಲಾಡಿಸುವಂತಿಲ್ಲ. ಅವಳು ಒಪ್ಪಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮೂರು ವಾರದ ಹಿಂದೆ ಗುತ್ತಿಗೆದಾರ ಸಿರಿಲ್ ಉಡುಪಿಯ ಹೋಟೆಲೊಂದರಲ್ಲಿ ಅರ್ಧ ದಿನದ ಉಪನ್ಯಾಸ ಕೇಳಿ, ಊಟ ಮುಗಿಸಿ, ಬರುವಾಗ ಹದಿನೆಂಟು ಫಿಟ್‌ನೆಸ್ ವಾಚುಗಳನ್ನು ತಂದಿದ್ದರು. ಯಾರು ದುಡಿಯುತ್ತಾರೆ, ಯಾರು ಮೈಗಳ್ಳರು ಎಂದು ಇನ್ನು ಮೇಸ್ತ್ರಿ ಹೇಳಬೇಕಾಗಿಲ್ಲ, ಆಳುಗಳ ಮಣಿಕಟ್ಟೇ ಹೇಳುತ್ತದೆ. ಸಿರಿಲ್‌ರ ಈ ಭಕ್ತಿಗೆ ಸ್ವಂತ ಅನುಭವದ ಬಲವಿತ್ತು. ದಿನಾ ಬೆಳಿಗ್ಗೆ ಕಾಪು ಬೀಚಿನಲ್ಲಿ ನಡೆದು, ನಡೆದ ದಾರಿಯ ಗೆರೆಯನ್ನು ವಾಟ್ಸಾಪಿಗೆ ಹಾಕುತ್ತಿದ್ದರು. ಒಂದು ದಿನ ಆ ಗೆರೆ ದೀಪಸ್ತಂಭದ ಬಂಡೆಯನ್ನು ದಾಟಿ ಸಮುದ್ರದಲ್ಲಿ ಇನ್ನೂರು ಮೀಟರ್ ಹೋಗಿ ಬಂದಿತ್ತು. ನೀರಿನ ಮೇಲೆ ನಡೆದೆನೆಂಬ ಸಂಕೋಚವೂ ಇಲ್ಲದೆ ಅದನ್ನು ಅವರು ನಡೆದ ದೂರಕ್ಕೆ ಸೇರಿಸಿಕೊಂಡರು.

ವಾಚುಗಳು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದವು. ಹೊಸ ಕಾಂಕ್ರೀಟಿಗೆ ನಡುಗುವ ವೈಬ್ರೇಟರನ್ನು ಚುಚ್ಚಿ ಹಿಡಿದು ನಿಂತಿದ್ದ ಕಲ್ಲಯ್ಯ ಒಂದೇ ದಿನದಲ್ಲಿ ನಲವತ್ತೆಂಟು ಸಾವಿರ ಹೆಜ್ಜೆ ಹಾಕಿ ಮೊದಲನೆಯವನಾದ. ಅಷ್ಟು ಹೆಜ್ಜೆಗೆ ಕಾರ್ಕಳ ಮುಟ್ಟಬಹುದೆಂದು ಅಖಿಲ್ ಹೇಳಿದಾಗ ಕಲ್ಲಯ್ಯ, ಹಾಗಾದರೆ ಗೊಮ್ಮಟನ ದರ್ಶನವೂ ಆಯಿತೋ ಎಂದು ವಾಚನ್ನೇ ಕೇಳಿದನಂತೆ. ಮರುದಿನ ಅದೇ ವಾಚು ಅವನನ್ನು ಎರಡು ಗಂಟೆ ಕಾಲ ಪಕ್ಕದ ಹುಡುಗಿಯರ ಹಾಸ್ಟೆಲಿನೊಳಗೆ ತೋರಿಸಿತು. ಅದನ್ನು ಮಾತ್ರ ಯಂತ್ರದ ದೋಷವೆಂದು ಬಿಡಲಾಯಿತು.

ಅಂಬವ್ವನ ಹೆಸರು ಪಟ್ಟಿಯ ತಳದಲ್ಲಿತ್ತು. ಸಾಮಾನು ಎತ್ತುವ ಲಿಫ್ಟ್ ಕೆಟ್ಟಂದಿನಿಂದ ಗಾರೆಯವರಿಗೆ ಮರಳು ಹೊರುತ್ತಿದ್ದವಳು ಅವಳು. ಬುಟ್ಟಿಯ ಅಂಚು ಹಿಡಿದ ಕೈ ಬೀಸುವುದಿಲ್ಲ. ಬೀಸದ ಕೈಗೆ ಹೆಜ್ಜೆಯಿಲ್ಲ. ದಿನಕ್ಕೆ ನಾನೂರ ಹನ್ನೆರಡು. ಗಾಜಿನ ಬಳೆಗಳ ಮೇಲೆ ಸಡಿಲವಾಗಿ ಜೋತ ವಾಚು ಅವಳ ನಾಡಿ ಅರವತ್ತನಾಲ್ಕು ಎನ್ನುತ್ತಿತ್ತು. ಊಟ ಮಾಡಿ ಮಲಗಿದವರ ನಾಡಿ. ಕೊನೆಯ ಇಬ್ಬರನ್ನು ತೆಗೆಯಬೇಕೆಂದು ಸಿರಿಲ್‌ರ ಆಜ್ಞೆಯಾಗಿತ್ತು. ಕೆಲಸ ಹೋದರೆ ಸೈಟಿನ ತಗಡಿನ ಶೆಡ್ಡೂ ಹೋಗುತ್ತದೆ, ಶೆಡ್ಡಿನಲ್ಲಿ ಅವಳ ಮಗಳು ಸವಿತಾ ಹನ್ನೊಂದು ದಿನದ ಬಾಣಂತಿ.

"ಅದರಾಗ ನಾ ಎಲ್ಲಿದ್ನಿ ಅಂತ ತೋರಸ್ರಿ" ಎಂದಳು ಅಂಬವ್ವ.

ಅಖಿಲ್ ಫೋನನ್ನು ಅವಳ ಕಣ್ಣಿನ ಎತ್ತರಕ್ಕೆ ಹಿಡಿದ. ನಕ್ಷೆಯ ಮೇಲೊಂದು ನೀಲಿ ಚುಕ್ಕೆ. ಬೆಳಿಗ್ಗೆ ಎಂಟರಿಂದ ಅದು ಮರಳಿನ ರಾಶಿಗೂ ಮೆಟ್ಟಿಲಿನ ಬುಡಕ್ಕೂ ನಡುವೆ ಬಿದ್ದುಕೊಂಡಿತ್ತು.

"ಹಂಗಾರ ಏಳನೇ ಮಾಳಿಗಿಗೆ ಮರಳ ಒಯ್ದವ್ರು ಯಾರ್ರಿ?"

"ಅದು ಎಂತ ಅಂದ್ರೆ, ಮ್ಯಾಪಿನಲ್ಲಿ ಆಚೆ ಈಚೆ ಹೋದದ್ದು ಮಾತ್ರ ಬರುವುದು. ಮೇಲೆ ಹೋದದ್ದು ಬರುವುದಿಲ್ಲ."

"ಅಡ್ಡಾಡಿದ್ದು ಬರ್ತೈತಿ, ಹತ್ತಿದ್ದು ಬರಂಗಿಲ್ಲ" ಎಂದಳು ಅವಳು, ಪಾಠ ಒಪ್ಪಿಸುವವಳಂತೆ. "ಶೆಡ್ಡಿನ್ಯಾಗ ಬಾಣಂತಿ ಅದಾಳ್ರಿ, ಸಾಹೇಬ್ರ. ಎಲ್ಲಿಗೆ ಒಯ್ಲಿ?"

"ನನ್ನ ಕೈಯಲ್ಲಿ ಎಂತ ಉಂಟು? ಲಿಸ್ಟ್ ಸಿರಿಲ್ ಸಾರಿಗೆ ಹೋಗಿ ಆಯ್ತು. ಡಾಟಾ ಅಲ್ವಾ."

ಅಂದು ಬೆಳಿಗ್ಗೆಯೇ ಅವಳಿಗೆ ದಾರಿ ಬಿಡಲು ಅವನು ಮೆಟ್ಟಿಲಲ್ಲಿ ನಾಲ್ಕು ಸಲ ಗೋಡೆಗೆ ಒತ್ತಿ ನಿಂತಿದ್ದ. ಆದರೆ ಕಣ್ಣಾರೆ ಕಂಡದ್ದನ್ನು ತುಂಬಿಸಲು ಆ ಆ್ಯಪಿನಲ್ಲಿ ಜಾಗವಿರಲಿಲ್ಲ. ಇಂಜಿನಿಯರಿಂಗ್ ಕಲಿತವನು ಜಾಗವಿಲ್ಲದ ಕಡೆ ಬರೆಯುವುದಿಲ್ಲ.

ಅಂಬವ್ವ ಬುಟ್ಟಿಯಿಂದ ಒಂದು ಕೈ ತೆಗೆದು ಅವನೆದುರು ಚಾಚಿದಳು. "ಬಿಚ್ಚ್ರಿ ಇದನ್ನ."

ವಾಚಿನ ಪಟ್ಟಿಯ ಕೊಕ್ಕೆ ಬಳೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಅವನು ಅವಳ ಮಣಿಕಟ್ಟನ್ನು ಹಿಡಿಯಬೇಕಾಯಿತು. ಅವನ ಹೆಬ್ಬೆರಳಿನಡಿ ನರವೊಂದು, ಹೊರಬರಲು ದಾರಿ ಹುಡುಕುವಂತೆ, ಬಡಿದುಕೊಳ್ಳುತ್ತಿತ್ತು. ಲೆಕ್ಕ ಹಾಕಲೂ ಪುರುಸೊತ್ತು ಕೊಡದ ಬಡಿತ. ಅವನು ಬೇಗ ಬೇಗ ಕೊಕ್ಕೆ ಬಿಡಿಸಿ ಕೈ ಹಿಂದಕ್ಕೆಳೆದುಕೊಂಡ.

"ಇಲ್ಲೇ ಇಡ್ರಿ. ಅದು ಹೆಂಗೂ ಹತ್ತಂಗಿಲ್ಲ" ಎಂದು ಅಂಬವ್ವ ಮೆಟ್ಟಿಲಿನತ್ತ ತಿರುಗಿದಳು.

ಬುಟ್ಟಿ ಇಳಿಸಿ ಹೋಗಬಹುದು ಎಂದು ಅಖಿಲ್ ಕೂಗಿ ಹೇಳಿದ. ಗಾರೆಯವ ಮರಳಿಗೆ ಕಾಯುತ್ತ ಕೂತಿದ್ದಾನೆ ಎಂಬ ಉತ್ತರ ಮೊದಲನೆಯ ಮಾಳಿಗೆಯಿಂದ ಬಂತು. ಆಮೇಲೆ ಬರಿಗಾಲಿನ ಸದ್ದು ಮಾತ್ರ. ಎರಡು, ಮೂರು. ನಾಲ್ಕರಲ್ಲಿ ಒಂದು ಗಳಿಗೆ ನಿಂತು, ಮತ್ತೆ ಹೊರಟಿತು.

ಅವನು ವಾಚನ್ನು ಒದ್ದೆ ಮರಳಿನ ಮೇಲೆ ಇಟ್ಟಿದ್ದ. ಅದು ಕೊಂಚ ಹೊತ್ತು ಗೆರೆಗಳನ್ನು ತೋರಿಸಿ ಯೋಚಿಸಿತು. ಆಮೇಲೆ ಕೆಂಪು ಹೃದಯದ ಗುರುತು ಮಿಡಿಯತೊಡಗಿ, ಪಕ್ಕದಲ್ಲಿ ನಾಡಿಯ ಅಂಕಿ ಮೂಡಿತು: ಅರವತ್ತೆಂಟು.

ಅಖಿಲ್ ಸುತ್ತ ನೋಡಿದ. ಯಾರೂ ಇರಲಿಲ್ಲ. ಕಾಲಿನ ತುದಿಯಿಂದ ವಾಚನ್ನು ಬೋರಲು ಹಾಕಿದ. ಮರಳಿನ ಮೇಲೆ ಅದರ ಬೆನ್ನಿನ, ನಾಡಿ ಎಣಿಸುವ ಹಸಿರು ದೀಪ ಆಕಾಶದ ಕಡೆಗೆ ಮಿಣುಕುತ್ತಲೇ ಇತ್ತು.